ಉಗುಳಲು ಬಾರದ ಮಗುವಿಗೆ ಮೌತ್‌ವಾಶ್ ಬೇಡ

ಸಂಪಾದಕರಿಗೆ,

ಮಾನ್ಯರೇ,

ಮನೆಯಲ್ಲಿ ದೊಡ್ಡವರು ಬಳಸುವ ಮೌತ್‌ವಾಶನ್ನು ಮಕ್ಕಳಿಗೂ ಕೊಡಬಹುದೇ, ಕೊಡುವುದಾದರೆ ಯಾವ ವಯಸ್ಸಿನಿಂದ, ಯಾವ ಬಗೆಯದನ್ನು ಎಂದು ತಂದೆತಾಯಿಯರು ಮಕ್ಕಳ ಹಲ್ಲಿನ ಚಿಕಿತ್ಸೆಯಲ್ಲಿ ತೊಡಗಿರುವ ನನ್ನಂಥವರನ್ನು ಮೇಲಿಂದ ಮೇಲೆ ಕೇಳುತ್ತಾರೆ. ಹೀಗೆ ಕೇಳಿ ತಿಳಿದುಕೊಳ್ಳುವವರ ಬಗ್ಗೆ ನನಗೆ ಆತಂಕವಿಲ್ಲ. ಬಾಯಿ ಸ್ವಚ್ಛವಾಗುವ ಸಂಗತಿಯಲ್ಲಿ ಅಪಾಯವೇನಿದ್ದೀತು ಎಂದುಕೊಂಡು, ಬಾಟಲಿಯ ಹಿಂಬದಿಯ ಅಕ್ಷರಗಳನ್ನು ಓದದೆಯೇ ನಾಲ್ಕು ವರ್ಷದ ಮಗುವಿನ ಬಾಯಿಗೆ ಒಂದು ಮುಚ್ಚಳ ಸುರಿಯುವವರನ್ನು ನೆನೆದು ಈ ಪತ್ರ ಬರೆಯುತ್ತಿದ್ದೇನೆ. ಉತ್ತರ ದೊಡ್ಡದೇನಲ್ಲ. ಆರು ವರ್ಷ ತುಂಬದ ಮಗುವಿಗೆ, ದಂತವೈದ್ಯರೇ ಹೇಳಿದ ಹೊರತು, ಮೌತ್‌ವಾಶ್ ಬೇಡ. ಆರು ದಾಟಿದ ಮಗುವಿಗೆ ಚೆನ್ನಾಗಿ ಉಗುಳಲು ಬರುತ್ತಿದ್ದು, ಕೊಡಲು ನಿಜವಾದ ಕಾರಣವೂ ಇದ್ದರೆ, ಆಲ್ಕೊಹಾಲ್ ಇಲ್ಲದ ಫ್ಲೋರೈಡ್ ಮೌತ್‌ವಾಶನ್ನು ದೊಡ್ಡವರ ಕಣ್ಣೆದುರಿಗೆ ಕೊಡಬಹುದು. ಆದರೆ ಬೇಡ ಎಂದಷ್ಟೇ ಹೇಳಿದರೆ ಯಾರೂ ಕೇಳುವುದಿಲ್ಲ. ಏಕೆ ಬೇಡ ಎಂಬುದು ಮನದಟ್ಟಾದ ಮನೆಗಳಲ್ಲಿ ಮಾತ್ರ ಆ ಬಾಟಲಿ ಮೇಲಿನ ಕಪಾಟಿಗೆ ಹೋಗುತ್ತದೆ.

ಆರು ವರ್ಷ ಎಂಬ ಗಡಿಯನ್ನು ಅಮೆರಿಕನ್ ಡೆಂಟಲ್ ಅಸೋಸಿಯೇಷನ್ ಸೇರಿದಂತೆ ಹಲವು ವೃತ್ತಿಸಂಸ್ಥೆಗಳು ಹೇಳುತ್ತಿರುವುದು ಹಲ್ಲನ್ನು ನೋಡಿ ಅಲ್ಲ, ಗಂಟಲನ್ನು ನೋಡಿ. ಬಾಯಿ ಮುಕ್ಕಳಿಸುವುದು ನಮಗೆ ಯೋಚಿಸದೆ ಆಗುವ ಕೆಲಸ. ಆದರೆ ತುಟಿಗಳನ್ನು ಬಿಗಿಹಿಡಿದು, ಕೆನ್ನೆಗಳನ್ನು ಉಬ್ಬಿಸಿ ಇಳಿಸುತ್ತಾ, ನಾಲಗೆಯ ಹಿಂಭಾಗವನ್ನು ಎತ್ತಿ ಗಂಟಲಿನ ದಾರಿಯನ್ನು ಮುಚ್ಚಿಟ್ಟು, ಅಷ್ಟು ಹೊತ್ತೂ ಮೂಗಿನಲ್ಲೇ ಉಸಿರಾಡಿ, ಕಡೆಗೆ ಇದ್ದುದನ್ನೆಲ್ಲ ಹೊರಕ್ಕೆ ಚೆಲ್ಲುವುದು ಕಲಿತೇ ಬರಬೇಕಾದ ಕೌಶಲ. ಪುಟ್ಟ ಮಗುವಿಗೆ ಬಾಯಿಗೆ ಬಂದ ದ್ರವವನ್ನು ನುಂಗುವುದೇ ಸಹಜ ಧರ್ಮ. ಅದು ನುಂಗಿಬಿಟ್ಟರೆ ಹಟವೂ ಅಲ್ಲ, ತುಂಟತನವೂ ಅಲ್ಲ. ಅದಕ್ಕಾಗಿ ಮಗುವನ್ನು ಗದರಿಸುವುದು ಅನ್ಯಾಯ.

ಮಗು ಸಿದ್ಧವಾಗಿದೆಯೇ ಎಂದು ತಿಳಿಯಲು ಮನೆಯಲ್ಲಿಯೇ ಮಾಡಬಹುದಾದ ಸರಳ ಪರೀಕ್ಷೆಯೊಂದಿದೆ, ನಾನು ಎಲ್ಲರಿಗೂ ಅದನ್ನೇ ಹೇಳುತ್ತೇನೆ. ಔಷಧದ ಜೊತೆ ಬರುವ ಅಳತೆಯ ಮುಚ್ಚಳದಲ್ಲಿ 10 ಮಿಲಿಲೀಟರ್ ಬರೀ ನೀರನ್ನು ಅಳೆದು ಮಗುವಿಗೆ ಕೊಡಿ. ಅರ್ಧ ನಿಮಿಷ ಮುಕ್ಕಳಿಸಿ, ಪುನಃ ಅದೇ ಅಳತೆಯ ಪಾತ್ರೆಗೆ ಉಗುಳಲು ಹೇಳಿ. ನಾಲ್ಕು ವರ್ಷದವರು ಬಹುಮಟ್ಟಿಗೆ ಏನು ಮಾಡುತ್ತಾರೆಂದರೆ, ಕೆನ್ನೆ ಉಬ್ಬಿಸಿ ಕಣ್ಣರಳಿಸಿ ನಮ್ಮನ್ನೇ ನೋಡುತ್ತಾರೆ, ಎರಡು ಸಲ ಗಲಕ್ ಎನಿಸುತ್ತಾರೆ, ಗಂಟಲಿನ ಬಳಿ ಸಣ್ಣದೊಂದು ಅಲುಗಾಟ ಕಾಣಿಸುತ್ತದೆ, ಆಮೇಲೆ ದೊಡ್ಡ ಸದ್ದಿನೊಂದಿಗೆ ಉಗುಳುತ್ತಾರೆ. ಉಗುಳಿದೆ ಎಂಬ ಹೆಮ್ಮೆ ಮುಖದ ಮೇಲಿರುತ್ತದೆ. ಪಾತ್ರೆಯನ್ನು ನೋಡಿದರೆ ಅರ್ಧದಷ್ಟೂ ನೀರು ಇರುವುದಿಲ್ಲ. ಜೊಲ್ಲು ಸೇರಿ ಹತ್ತಕ್ಕಿಂತ ತುಸು ಹೆಚ್ಚೇ ಬರಬೇಕಾದಲ್ಲಿ ಕಡಿಮೆ ಬಂದರೆ, ಉಳಿದದ್ದು ಹೊಟ್ಟೆಗೆ ಹೋಗಿದೆ ಎಂದೇ ಅರ್ಥ. ಹಲವು ದಿನ ಮಾಡಿಸಿದಾಗಲೂ ಕೊಟ್ಟಷ್ಟು ನೀರು ತಪ್ಪದೆ ಮರಳಿ ಬರುವವರೆಗೆ ಮಗುವಿಗೆ ನೀರೇ ಸಾಕು. ಏಳು ವರ್ಷವಾದರೂ ಇದು ಬಾರದ ಮಕ್ಕಳಿದ್ದಾರೆ. ಅವರ ವಿಷಯದಲ್ಲಿ ವಯಸ್ಸಿನ ಲೆಕ್ಕ ಹಿಡಿದು ಅವಸರ ಮಾಡಬಾರದು.

ಇನ್ನು ನುಂಗಿದರೆ ಆಗುವುದೇನು ಎಂಬುದು ಬಾಟಲಿಯೊಳಗೆ ಏನಿದೆ ಎಂಬುದನ್ನು ಅವಲಂಬಿಸಿದೆ. ಮೌತ್‌ವಾಶ್ ಎಂಬ ಒಂದೇ ಹೆಸರಿನಡಿ ಒಂದಕ್ಕೊಂದು ಸಂಬಂಧವಿಲ್ಲದ ದ್ರವಗಳು ಮಾರಾಟವಾಗುತ್ತವೆ. ಕೆಲವು ಕೇವಲ ಸುವಾಸನೆಯವು, ಕೆಲವು ಹುಳುಕನ್ನು ತಡೆಯುವ ಫ್ಲೋರೈಡ್ ಇರುವವು, ಕೆಲವು ಒಸಡಿನ ಚಿಕಿತ್ಸೆಗೆಂದೇ ತಯಾರಾದ ಔಷಧಗಳು.

ಫ್ಲೋರೈಡ್‌ನಿಂದಲೇ ಆರಂಭಿಸುತ್ತೇನೆ, ಏಕೆಂದರೆ ಮಕ್ಕಳ ಹಲ್ಲಿಗೆ ನಿಜವಾಗಿ ಪ್ರಯೋಜನ ಕೊಡುವುದು ಅದೊಂದೇ. ನಾವು ಸಿಹಿ ತಿಂದಾಗ ಬಾಯಿಯ ಬ್ಯಾಕ್ಟೀರಿಯಾ ಆ ಸಕ್ಕರೆಯನ್ನು ಆಮ್ಲವಾಗಿ ಮಾರ್ಪಡಿಸುತ್ತವೆ. ಆಮ್ಲತೆಯ ಅಳತೆಯಾದ ಪಿಎಚ್ ಸುಮಾರು 5.5ಕ್ಕಿಂತ ಕೆಳಗಿಳಿದಾಗ ಹಲ್ಲಿನ ಹೊರಗಿನ ಗಟ್ಟಿ ಪದರವಾದ ಎನಾಮೆಲ್‌ನಿಂದ ಖನಿಜಾಂಶ ಕರಗಿಹೋಗುತ್ತದೆ. ಜೊಲ್ಲು ಆ ಖನಿಜವನ್ನು ಮರಳಿ ತುಂಬುವಾಗ ಬಾಯಲ್ಲಿ ಸ್ವಲ್ಪವಾದರೂ ಫ್ಲೋರೈಡ್ ಇದ್ದರೆ, ದುರಸ್ತಿಯಾದ ಜಾಗ ಮೊದಲಿಗಿಂತ ಗಟ್ಟಿಯಾಗುತ್ತದೆ. ಇದು ಹಲ್ಲಿನ ಮೇಲ್ಮೈಯಲ್ಲಿ ನಡೆಯುವ ಕೆಲಸ. ಫ್ಲೋರೈಡ್ ಹಲ್ಲಿಗೆ ತಾಗಬೇಕು, ಹೊಟ್ಟೆಗೆ ಹೋಗಬೇಕಿಲ್ಲ. ಪ್ರತಿದಿನ ಬಳಸುವ ಮೌತ್‌ವಾಶ್‌ನಲ್ಲಿ ಸಾಮಾನ್ಯವಾಗಿ ಶೇ 0.05ರಷ್ಟು ಸೋಡಿಯಂ ಫ್ಲೋರೈಡ್, ಅಂದರೆ ಸುಮಾರು 226 ಪಿಪಿಎಂ (ಹತ್ತು ಲಕ್ಷ ಭಾಗಗಳಲ್ಲಿ 226 ಭಾಗ) ಫ್ಲೋರೈಡ್ ಇರುತ್ತದೆ. ಟೂತ್‌ಪೇಸ್ಟ್‌ನ 1000 ಪಿಪಿಎಂಗೆ ಹೋಲಿಸಿದರೆ ಇದು ಕಡಿಮೆಯೆಂದು ಕಾಣುತ್ತದೆ, ಆದರೆ ಬಾಯಿಗೆ ಹೋಗುವ ಪ್ರಮಾಣವನ್ನು ಲೆಕ್ಕ ಹಾಕಿದರೆ ಚಿತ್ರವೇ ಬದಲಾಗುತ್ತದೆ. ಬಟಾಣಿ ಕಾಳಿನಷ್ಟು ಟೂತ್‌ಪೇಸ್ಟ್‌ನಲ್ಲಿ ಇರುವುದು ಸುಮಾರು ಕಾಲು ಮಿಲಿಗ್ರಾಂ ಫ್ಲೋರೈಡ್. 10 ಮಿಲಿಲೀಟರ್ ಮೌತ್‌ವಾಶ್‌ನಲ್ಲಿ ಸುಮಾರು 2.3 ಮಿಲಿಗ್ರಾಂ. ಒಂದು ಬಾಯಿ ಮೌತ್‌ವಾಶ್ ನುಂಗಿದ ಮಗು ಒಂಬತ್ತು ಸಲ ಟೂತ್‌ಪೇಸ್ಟ್ ನುಂಗಿದಂತಾಯಿತು.

ಒಂದು ದಿನ ಹಾಗಾದರೆ ಹೊಟ್ಟೆ ತೊಳಸಬಹುದು, ಒಂದು ವಾಂತಿ ಆಗಬಹುದು, ಅಷ್ಟೆ. ನಿತ್ಯವೂ ಹಾಗಾದರೆ ಮಾತು ಬೇರೆ. ಮಗುವಿನ ಬಾಯಲ್ಲಿ ನಮಗೆ ಕಾಣುವುದು ಹಾಲುಹಲ್ಲುಗಳಾದರೂ, ಅದೇ ಹೊತ್ತಿಗೆ ದವಡೆಯ ಮೂಳೆಯೊಳಗೆ ಶಾಶ್ವತ ಹಲ್ಲುಗಳ ಎನಾಮೆಲ್ ರೂಪುಗೊಳ್ಳುತ್ತಿರುತ್ತದೆ. ಸುಮಾರು ಎಂಟು ವರ್ಷದವರೆಗೆ ನಡೆಯುವ ಈ ಕೆಲಸದ ನಡುವೆ ಬೇಕಾದ್ದಕ್ಕಿಂತ ಹೆಚ್ಚು ಫ್ಲೋರೈಡ್ ರಕ್ತಕ್ಕೆ ಸೇರುತ್ತಾ ಹೋದರೆ, ಮುಂದೆ ಹುಟ್ಟಿಬರುವ ಹಲ್ಲುಗಳ ಮೇಲೆ ಬಿಳಿ ಗೆರೆಗಳು, ಮಚ್ಚೆಗಳು, ಹೆಚ್ಚಿನ ಪ್ರಮಾಣದಲ್ಲಾದರೆ ಕಂದು ಕಲೆಗಳು ಕಾಣಿಸಿಕೊಳ್ಳುತ್ತವೆ. ಕುಡಿಯುವ ನೀರಿನಲ್ಲಿಯೇ ಫ್ಲೋರೈಡ್ ಹೆಚ್ಚಿರುವ ಕಡೆ, ಅಂದರೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಲೀಟರಿಗೆ 1.5 ಮಿಲಿಗ್ರಾಂ ಮಿತಿಯನ್ನು ದಾಟಿರುವ ಕಡೆ ಬೆಳೆಯುವ ಮಕ್ಕಳಿಗೆ, ದಂತವೈದ್ಯರನ್ನು ಕೇಳದೆ ಫ್ಲೋರೈಡ್ ಮೌತ್‌ವಾಶನ್ನು ಆರಂಭಿಸಲೇಬಾರದು. ಇನ್ನು ಬಾಟಲಿಗಟ್ಟಲೆ ಕುಡಿದರೆ ಅದು ವಿಷಪ್ರಾಶನವೇ ಸರಿ. ದೇಹತೂಕದ ಕಿಲೋಗೆ 5 ಮಿಲಿಗ್ರಾಂ ಫ್ಲೋರೈಡ್ ಒಮ್ಮೆಗೇ ಹೊಟ್ಟೆ ಸೇರಿದರೆ ತಕ್ಷಣ ಆಸ್ಪತ್ರೆಗೆ ಒಯ್ಯಬೇಕೆಂಬುದು ವೈದ್ಯರು ಪಾಲಿಸುವ ಅಳತೆ. 15 ಕಿಲೋ ತೂಗುವ ಮಗುವಿಗೆ ಅದು 75 ಮಿಲಿಗ್ರಾಂ. ಅರ್ಧ ಲೀಟರಿನ ತುಂಬು ಬಾಟಲಿಯೊಂದರಲ್ಲಿ 113 ಮಿಲಿಗ್ರಾಂ ಇರುತ್ತದೆ.

ಇದಕ್ಕಿಂತಲೂ ನನ್ನನ್ನು ಹೆಚ್ಚು ಕಾಡುವುದು ಆಲ್ಕೊಹಾಲ್. ದೊಡ್ಡವರ ಎಷ್ಟೋ ಮೌತ್‌ವಾಶ್‌ಗಳಲ್ಲಿ ಅದಿದೆ. ಕೆಲವುಗಳಲ್ಲಿ ಶೇ 20ಕ್ಕೂ ಹೆಚ್ಚು, ಶೇ 27ರ ಸಮೀಪದವರೆಗೂ ಇದೆ. ಥೈಮಾಲ್, ಮೆಂಥಾಲ್, ಯೂಕಲಿಪ್ಟಾಲ್‌ನಂಥ ಸುಗಂಧ ತೈಲಗಳು ನೀರಿನಲ್ಲಿ ಸುಲಭವಾಗಿ ಕರಗುವುದಿಲ್ಲವಾದ್ದರಿಂದ ಅವುಗಳನ್ನು ಕರಗಿಸಲು ಆಲ್ಕೊಹಾಲ್ ಬೆರೆಸುತ್ತಾರೆ. ಹುಳುಕನ್ನು ತಡೆಯುವುದಕ್ಕೆ ಅದರ ಅಗತ್ಯ ಕಿಂಚಿತ್ತೂ ಇಲ್ಲ, ಫ್ಲೋರೈಡ್ ನೀರಿನಲ್ಲಿಯೇ ಕರಗುತ್ತದೆ. ಹಾಗಿರುವಾಗ ಮಗುವಿನ ಬಾಯಿಗೆ ಆಲ್ಕೊಹಾಲ್ ಇರುವ ದ್ರವವನ್ನು ಹಾಕಲು ನನಗೆ ಒಂದು ಕಾರಣವೂ ಕಾಣುವುದಿಲ್ಲ.

ಶೇ 20ರಷ್ಟು ಆಲ್ಕೊಹಾಲ್ ಇರುವ ಮೌತ್‌ವಾಶ್‌ನ 100 ಮಿಲಿಲೀಟರಿನಲ್ಲಿ ಸುಮಾರು 16 ಗ್ರಾಂ ಶುದ್ಧ ಆಲ್ಕೊಹಾಲ್ ಇರುತ್ತದೆ. 15 ಕಿಲೋ ತೂಕದ ಮಗುವಿಗೆ ಅದು ಕಿಲೋಗೆ ಒಂದು ಗ್ರಾಮನ್ನೂ ಮೀರಿದ ಪ್ರಮಾಣ. ಮಗುವಿನ ದೇಹದಲ್ಲಿ ಇದು ಅಮಲಿಗಷ್ಟೇ ನಿಲ್ಲುವುದಿಲ್ಲ. ಊಟದ ನಡುವಿನ ಹೊತ್ತಿನಲ್ಲಿ ರಕ್ತದ ಸಕ್ಕರೆ ಕುಸಿಯದಂತೆ ನೋಡಿಕೊಳ್ಳುವುದು ಯಕೃತ್ತು. ಮಕ್ಕಳ ಯಕೃತ್ತಿನಲ್ಲಿ ಸಕ್ಕರೆಯ ದಾಸ್ತಾನು ಕಡಿಮೆ. ಅದು ಮುಗಿದಾಗ ಹೊಸದಾಗಿ ಸಕ್ಕರೆ ತಯಾರಿಸಿಕೊಳ್ಳುವ ದಾರಿಯನ್ನು ಆಲ್ಕೊಹಾಲ್ ಕಟ್ಟಿಹಾಕುತ್ತದೆ. ರಾತ್ರಿಯಿಡೀ ಏನನ್ನೂ ತಿನ್ನದೆ ಬೆಳಗ್ಗೆ ಎದ್ದು ಬಚ್ಚಲುಮನೆಗೆ ಹೋದ ಮಗುವಿನ ಸ್ಥಿತಿಯನ್ನು ಊಹಿಸಿಕೊಳ್ಳಿ. ತೂಕಡಿಕೆ, ತೊದಲು, ತೂರಾಟ, ವಾಂತಿ, ನಿಧಾನಗೊಂಡ ಉಸಿರಾಟ, ಸಕ್ಕರೆ ತೀರಾ ಕುಸಿದರೆ ಫಿಟ್ಸ್, ಪ್ರಜ್ಞೆ ತಪ್ಪುವುದು, ಪ್ರಾಣಾಪಾಯ, ಇವೆಲ್ಲವೂ ಸಾಧ್ಯ. ನಿದ್ದೆಗಣ್ಣು ಎಂದು ಮನೆಯವರು ತಪ್ಪು ತಿಳಿಯುವ ಸಾಧ್ಯತೆಯೂ ಇದೆ. ಈ ಕಾರಣಕ್ಕೇ ಅಮೆರಿಕದಲ್ಲಿ 1995ರಲ್ಲಿ, ಒಂದು ಬಾಟಲಿಯಲ್ಲಿ 3 ಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಆಲ್ಕೊಹಾಲ್ ಇರುವ ಮೌತ್‌ವಾಶ್‌ಗೆ ಮಕ್ಕಳು ತೆರೆಯಲಾಗದ ಮುಚ್ಚಳವಿರಲೇಬೇಕು ಎಂಬ ನಿಯಮ ಬಂತು. ಮೇಲೆ ಹೇಳಿದ ಬಗೆಯ ಮೌತ್‌ವಾಶ್‌ನಲ್ಲಿ 3 ಗ್ರಾಂ ಎಂದರೆ ನಾಲ್ಕು ಟೀ ಚಮಚದಷ್ಟೂ ಆಗುವುದಿಲ್ಲ.

ಕ್ಲೋರ್‌ಹೆಕ್ಸಿಡಿನ್ ಇರುವ ಮೌತ್‌ವಾಶ್‌ಗಳ ಬಗ್ಗೆಯೂ ಒಂದು ಮಾತು. ಶೇ 0.12 ಅಥವಾ ಶೇ 0.2ರ ಪ್ರಮಾಣದಲ್ಲಿ ಸಿಗುವ ಇದು ಬ್ಯಾಕ್ಟೀರಿಯಾವನ್ನು ಬಲವಾಗಿ ಹತ್ತಿಕ್ಕುವ ಔಷಧ. ಒಸಡಿನ ಸೋಂಕಿಗೆ, ಶಸ್ತ್ರಚಿಕಿತ್ಸೆಯ ನಂತರದ ದಿನಗಳಿಗೆ ನಾವು ಬರೆದುಕೊಡುತ್ತೇವೆ, ಸಾಮಾನ್ಯವಾಗಿ ಒಂದೆರಡು ವಾರಗಳಿಗೆ ಮಾತ್ರ. ಹೆಚ್ಚು ದಿನ ಬಳಸಿದರೆ ಹಲ್ಲು, ನಾಲಗೆ ಕಂದುಗಟ್ಟುತ್ತವೆ, ರುಚಿ ಕೆಡುತ್ತದೆ, ಪಾಚಿ ಬೇಗ ಕಟ್ಟುತ್ತದೆ. ಟೂತ್‌ಪೇಸ್ಟ್‌ನ ನೊರೆಯ ಅಂಶ ಇದರ ಶಕ್ತಿಯನ್ನು ಕುಂದಿಸುವುದರಿಂದ ಎರಡರ ನಡುವೆ ಅರ್ಧ ಗಂಟೆಯ ಅಂತರವೂ ಬೇಕು. ದೊಡ್ಡವರಿಗೆಂದು ಬರೆದುಕೊಟ್ಟ ಔಷಧದಲ್ಲಿ ಉಳಿದದ್ದನ್ನು ಮಗುವಿನ ಬಾಯಿಹುಣ್ಣಿಗೆ ಬಳಸುವ ಪರಿಪಾಠವನ್ನು ದಯವಿಟ್ಟು ಬಿಡಬೇಕು. ಹಲ್ಲು ಬೆಳ್ಳಗಾಗಿಸುವ ಮೌತ್‌ವಾಶ್‌ಗಳು ಮಕ್ಕಳಿಗೆ ಬೇಡವೇ ಬೇಡ.

ಇಷ್ಟೆಲ್ಲ ಹೇಳಿದ ಮೇಲೆ ನಾನು ಮೌತ್‌ವಾಶ್‌ನ ವಿರೋಧಿ ಎಂದು ಯಾರೂ ಭಾವಿಸಬಾರದು. ಸರಿಯಾದ ಮಗುವಿಗೆ, ಸರಿಯಾದ ರೀತಿಯಲ್ಲಿ ಕೊಟ್ಟರೆ ಅದು ನಿಶ್ಚಯವಾಗಿ ಕೆಲಸ ಮಾಡುತ್ತದೆ. ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗಿನೋಡುವ ಕಾಕ್ರೇನ್ ಸಂಸ್ಥೆ 2016ರಲ್ಲಿ ಪ್ರಕಟಿಸಿದ ವಿಮರ್ಶೆಯಲ್ಲಿ ಮಕ್ಕಳು ಮತ್ತು ಹದಿಹರೆಯದವರ ಮೇಲೆ ನಡೆದ 37 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಲಾಗಿದೆ. ಫ್ಲೋರೈಡ್ ಮೌತ್‌ವಾಶನ್ನು ಕ್ರಮವಾಗಿ, ಮೇಲ್ವಿಚಾರಣೆಯಲ್ಲಿ ಬಳಸಿದವರ ಶಾಶ್ವತ ಹಲ್ಲುಗಳಲ್ಲಿ ಹುಳುಕು ಸರಾಸರಿ ಶೇ 27ರಷ್ಟು ಕಡಿಮೆಯಾಗಿತ್ತು. ಮೇಲ್ವಿಚಾರಣೆ ಎಂಬ ಪದವನ್ನು ಗಮನಿಸಬೇಕು. ಅವುಗಳಲ್ಲಿ ಹೆಚ್ಚಿನವು ಶಾಲೆಗಳಲ್ಲಿ, ದೊಡ್ಡವರು ಅಳೆದು ಕೊಟ್ಟು, ಮಕ್ಕಳು ಉಗುಳುವುದನ್ನು ನೋಡಿಕೊಂಡು ನಡೆಸಿದ ಪ್ರಯೋಗಗಳು. ಬಚ್ಚಲುಮನೆಯಲ್ಲಿ ಮಗು ತಾನೇ ಬಾಟಲಿ ಬಗ್ಗಿಸಿಕೊಳ್ಳುವುದಕ್ಕೆ ಆ ಫಲಿತಾಂಶವನ್ನು ಆಧಾರವಾಗಿ ತೋರಿಸಲಾಗದು.

ಹಾಗಾದರೆ ಯಾರಿಗೆ ಬೇಕು? ಈಗಾಗಲೇ ಹಲವು ಹಲ್ಲುಗಳು ಹುಳುಕಾಗಿರುವ, ಹೊಸ ಹಲ್ಲುಗಳೂ ಅದೇ ಹಾದಿ ಹಿಡಿಯುವ ಭಯವಿರುವ ಮಕ್ಕಳಿಗೆ. ಎನಾಮೆಲ್ ಹುಟ್ಟಿನಿಂದಲೇ ದುರ್ಬಲವಾಗಿರುವವರಿಗೆ. ಔಷಧಗಳ ಕಾರಣದಿಂದ ಬಾಯಿ ಒಣಗುವವರಿಗೆ. ಹಲ್ಲಿಗೆ ಕ್ಲಿಪ್ ಹಾಕಿಸಿಕೊಂಡಿರುವ ಹದಿಹರೆಯದವರಿಗೆ. ಈ ಕೊನೆಯವರನ್ನು ನಾನು ವಿಶೇಷವಾಗಿ ಹೆಸರಿಸುತ್ತೇನೆ. ತಂತಿ, ಬ್ರಾಕೆಟ್‌ಗಳ ಸುತ್ತ ಬ್ರಷ್ ತಲುಪದ ಮೂಲೆಗಳಲ್ಲಿ ಜಿಗುಟು ಪದರ ನಿಂತುಬಿಡುತ್ತದೆ, ಕ್ಲಿಪ್ ತೆಗೆದ ದಿನ ಹಲ್ಲು ಸಾಲಾಗಿದ್ದರೂ ಪ್ರತಿ ಹಲ್ಲಿನ ಮೇಲೆ ಸುಣ್ಣದಂಥ ಬಿಳಿ ಚೌಕಟ್ಟು ಕಾಣುತ್ತದೆ. ಅದು ಹುಳುಕಿನ ಮೊದಲ ಹೆಜ್ಜೆ. ಅಂಥವರಿಗೆ ದಿನಕ್ಕೊಮ್ಮೆ ಫ್ಲೋರೈಡ್ ಮೌತ್‌ವಾಶ್ ಬಳಸುವುದು ಸಾರ್ಥಕ. ಬ್ರಷ್ ಚೆನ್ನಾಗಿ ಮಾಡುವ, ಹುಳುಕಿಲ್ಲದ, ಸಿಹಿ ಮಿತವಾಗಿ ತಿನ್ನುವ ಮಗುವಿಗೆ ಮೌತ್‌ವಾಶ್‌ನಿಂದ ಸಿಗುವ ಹೆಚ್ಚಿನ ಲಾಭ ತೀರಾ ಅಲ್ಪ.

ಕೊಡುವುದೆಂದು ತೀರ್ಮಾನವಾದರೆ ಕ್ರಮ ಹೀಗಿರಲಿ. ದಿನಕ್ಕೊಮ್ಮೆ ದೊಡ್ಡವರೇ 10 ಮಿಲಿಲೀಟರ್ ಅಳೆದು ಕೊಡಬೇಕು, ಮಗು ಒಂದು ನಿಮಿಷ ಹಲ್ಲುಗಳ ನಡುವೆ ಹರಿದಾಡುವಂತೆ ಮುಕ್ಕಳಿಸಿ ಪೂರ್ತಿಯಾಗಿ ಉಗುಳಬೇಕು, ಆಮೇಲೆ ಅರ್ಧ ಗಂಟೆ ಏನನ್ನೂ ತಿನ್ನಬಾರದು, ಕುಡಿಯಬಾರದು. ತಲೆ ಹಿಂದಕ್ಕೆ ಚೆಲ್ಲಿ ಗಂಟಲಲ್ಲಿ ಗಳಗಳ ಮಾಡಿಸಬಾರದು, ಮಕ್ಕಳು ನುಂಗುವುದು ಆಗಲೇ. ಹನ್ನೆರಡು ವರ್ಷದವರೆಗೆ ಒಬ್ಬರು ಪಕ್ಕದಲ್ಲಿರಬೇಕು. ಬ್ರಷ್ ಮಾಡಿದ ಕೂಡಲೇ ಮೌತ್‌ವಾಶ್ ಬಳಸುವುದು ಬಹಳ ಮನೆಗಳಲ್ಲಿ ರೂಢಿ. ಅದರಿಂದ ಆಗುವುದೇನೆಂದರೆ ಟೂತ್‌ಪೇಸ್ಟ್ ಹಲ್ಲಿನ ಮೇಲೆ ಬಿಟ್ಟುಹೋದ ಗಾಢವಾದ ಫ್ಲೋರೈಡನ್ನು ತೆಳುವಾದ ಫ್ಲೋರೈಡ್ ತೊಳೆದುಹಾಕುತ್ತದೆ. ಆದ್ದರಿಂದ ಬ್ರಷ್ ಮಾಡದ ಇನ್ನೊಂದು ಹೊತ್ತು, ಶಾಲೆಯಿಂದ ಬಂದು ತಿಂಡಿ ತಿಂದಾದ ಮೇಲೆ ಎನ್ನೋಣ, ಇದಕ್ಕೆ ಹೆಚ್ಚು ಸೂಕ್ತ. ಬ್ರಷ್ ಆದ ಮೇಲೂ ನೊರೆಯನ್ನು ಉಗುಳಿದರೆ ಸಾಕು, ಬಾಯಿ ತುಂಬ ನೀರು ಹಾಕಿ ತೊಳೆಯುವ ಅಗತ್ಯವಿಲ್ಲ.

ಆರರೊಳಗಿನ ಮಕ್ಕಳಿಗೆ ಹುಳುಕಿನ ಭಯವಿದ್ದರೆ ದಾರಿಯೇ ಇಲ್ಲವೆಂದಲ್ಲ. ದಂತವೈದ್ಯರು ಹಲ್ಲಿನ ಮೇಲೆ ಬಳಿಯುವ ಫ್ಲೋರೈಡ್ ವಾರ್ನಿಷ್ ಇದೆ; ಬಹಳ ಗಾಢವಾದುದಾದರೂ ಕೆಲವೇ ಹನಿ ಸಾಕಾಗುತ್ತದೆ, ಹಲ್ಲಿಗೆ ಅಂಟಿಕೊಂಡು ನಿಧಾನವಾಗಿ ಕೆಲಸ ಮಾಡುತ್ತದೆ, ಉಗುಳುವ ಪ್ರಶ್ನೆಯೇ ಬರುವುದಿಲ್ಲ. ನುಂಗುವುದರ ಮೇಲೆ ಹಿಡಿತವಿಲ್ಲದ ವಿಶೇಷಚೇತನ ಮಕ್ಕಳಿಗೂ, ಅವರ ವಯಸ್ಸು ಎಷ್ಟೇ ಇರಲಿ, ಇದೇ ಕ್ಷೇಮ. ಮನೆಯಲ್ಲಿ ಮೂರು ವರ್ಷದೊಳಗಿನವರಿಗೆ ಅಕ್ಕಿಕಾಳಿನಷ್ಟು, ಮೂರರಿಂದ ಆರರವರೆಗೆ ಬಟಾಣಿಯಷ್ಟು ಫ್ಲೋರೈಡ್ ಟೂತ್‌ಪೇಸ್ಟ್ ಹಾಕಿ, ದಿನಕ್ಕೆರಡು ಸಲ ದೊಡ್ಡವರೇ ಉಜ್ಜಿಕೊಡಬೇಕು. ಏಳೆಂಟು ವರ್ಷದವರೆಗೂ ಮಗುವಿನ ಕೈಗೆ ಹಿಂದಿನ ಹಲ್ಲುಗಳನ್ನು ಉಜ್ಜುವ ಹಿಡಿತ ಬಂದಿರುವುದಿಲ್ಲ. ಆರನೇ ವರ್ಷದ ಆಸುಪಾಸಿನಲ್ಲಿ ಯಾವ ಹಾಲುಹಲ್ಲೂ ಬೀಳದೆಯೇ ಕೊನೆಯ ಹಲ್ಲಿನ ಹಿಂದೆ ಹೊಸ ದವಡೆ ಹಲ್ಲೊಂದು ಸದ್ದಿಲ್ಲದೆ ಹುಟ್ಟಿಬರುತ್ತದೆ, ಮೊದಲು ಹುಳುಕಾಗುವ ಶಾಶ್ವತ ಹಲ್ಲು ಸಾಮಾನ್ಯವಾಗಿ ಅದೇ. ಅದಕ್ಕೆ ಬೇಕಾದುದು ಬ್ರಷ್ಷಿನ ಎಳೆಗಳು. ಹಲ್ಲಿಗೆ ಕಚ್ಚಿಕೊಂಡ ಜಿಗುಟು ಪದರವನ್ನು ಯಾವ ದ್ರವವೂ ಮುಕ್ಕಳಿಸಿದ ಮಾತ್ರಕ್ಕೆ ಕಿತ್ತುಹಾಕಲಾರದು.

ಮಗುವಿನ ಬಾಯಿ ವಾಸನೆ ಬರುತ್ತದೆ ಎಂದು ಮೌತ್‌ವಾಶ್ ಕೊಳ್ಳುವವರೇ ಹೆಚ್ಚು. ಮಕ್ಕಳ ಬಾಯಿ ವಾಸನೆಗೆ ಒಂದು ಕಾರಣ ಇದ್ದೇ ಇರುತ್ತದೆ: ಉಜ್ಜದ ನಾಲಗೆ, ಆಹಾರ ಸಿಕ್ಕಿಕೊಂಡ ಹುಳುಕು, ಕೀವುಗಟ್ಟಿದ ಒಸಡು, ಊದಿದ ಟಾನ್ಸಿಲ್, ಮೂಗು ಕಟ್ಟಿ ರಾತ್ರಿಯಿಡೀ ಬಾಯಲ್ಲಿ ಉಸಿರಾಡುವುದು. ಒಂದೇ ಹೊಳ್ಳೆಯಿಂದ ಕೆಟ್ಟ ವಾಸನೆಯ ಸಿಂಬಳ ಸುರಿಯುತ್ತಿದ್ದರೆ, ಮಗು ಮಣಿಯನ್ನೋ ಸ್ಪಂಜಿನ ಚೂರನ್ನೋ ಮೂಗಿಗೆ ತುರುಕಿಕೊಂಡಿರಬಹುದೆಂದು ನೋಡಬೇಕು. ಪುದೀನ ಪರಿಮಳ ಇವುಗಳಲ್ಲಿ ಯಾವುದನ್ನೂ ಗುಣಪಡಿಸುವುದಿಲ್ಲ. ಒಂದು ಗಂಟೆ ಮುಚ್ಚಿಟ್ಟು, ವೈದ್ಯರ ಬಳಿ ಹೋಗುವುದನ್ನು ಒಂದು ತಿಂಗಳು ಮುಂದೂಡುತ್ತದೆ.

ಅಕಸ್ಮಾತ್ ನುಂಗಿದರೆ ಗಾಬರಿಯಲ್ಲಿ ಬೆರಳು ಹಾಕಿ ವಾಂತಿ ಮಾಡಿಸಬಾರದು. ಫ್ಲೋರೈಡ್ ಮೌತ್‌ವಾಶ್‌ನ ಒಂದು ಗುಟುಕಾಗಿದ್ದರೆ ಬಾಯಿ ಒರೆಸಿ ಸ್ವಲ್ಪ ಹಾಲು ಕುಡಿಸಿ, ಹಾಲಿನ ಕ್ಯಾಲ್ಸಿಯಂ ಫ್ಲೋರೈಡನ್ನು ಹಿಡಿದಿಡುತ್ತದೆ. ಆಮೇಲೆ ಮಗುವನ್ನು ಗಮನಿಸುತ್ತಿರಿ. ಎಷ್ಟು ಕುಡಿದಿದೆ ಎಂದು ಗೊತ್ತಾಗದಿದ್ದರೆ, ಗುಟುಕಿಗಿಂತ ಹೆಚ್ಚಾಗಿದ್ದರೆ, ಆಲ್ಕೊಹಾಲ್ ಇರುವ ಬಾಟಲಿಯಾಗಿದ್ದರೆ, ಮಗು ಮಂಪರಾಗಿದ್ದರೆ, ಲಕ್ಷಣ ಕಾಣಲಿ ಎಂದು ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ. ಮಂಪರಿನಲ್ಲಿರುವ ಮಗುವಿನ ಬಾಯಿಗೆ ಏನನ್ನೂ ಹಾಕಬೇಡಿ. ಬಾಟಲಿಯನ್ನು ಜೊತೆಗೆ ಒಯ್ಯಿರಿ. ಒಳಗೆ ಏನಿತ್ತು, ಎಷ್ಟು ಉಳಿದಿದೆ ಎಂಬುದು ವೈದ್ಯರಿಗೆ ಮೊದಲು ಬೇಕಾದ ಮಾಹಿತಿ.

ಕೊನೆಯದಾಗಿ ತಯಾರಕರಿಗೂ, ಅವರನ್ನು ನಿಯಂತ್ರಿಸುವವರಿಗೂ ತಮ್ಮ ಪತ್ರಿಕೆಯ ಮೂಲಕ ನನ್ನದೊಂದು ಕೋರಿಕೆ. ಹಣ್ಣಿನ ರುಚಿ, ಬಬಲ್‌ಗಮ್ ವಾಸನೆ, ಶರಬತ್ತಿನಂಥ ಬಣ್ಣ, ಮುಂಭಾಗದಲ್ಲಿ ನಗುವ ಕಾರ್ಟೂನು, ಇವೆಲ್ಲ ಸೇರಿ ಮಗುವಿಗೆ ಇದು ಕುಡಿಯುವ ವಸ್ತು ಎಂದು ಹೇಳುತ್ತಿರುವಾಗ, ಆರು ವರ್ಷದೊಳಗಿನವರಿಗಲ್ಲ ಎಂಬ ಸಾಲು ಹಿಂಬದಿಯಲ್ಲಿ, ಭೂತಗನ್ನಡಿ ಹಿಡಿದು ಓದಬೇಕಾದ ಅಕ್ಷರಗಳಲ್ಲಿ ಇರುವುದು ಸರಿಯಲ್ಲ. ಯಾವ ವಯಸ್ಸಿನವರಿಗೆ, ಆಲ್ಕೊಹಾಲ್ ಶೇಕಡ ಎಷ್ಟು, ಫ್ಲೋರೈಡ್ ಎಷ್ಟು ಪಿಪಿಎಂ ಎಂಬ ಮೂರು ವಿವರಗಳು ಬಾಟಲಿಯ ಮುಂಭಾಗದಲ್ಲಿ, ಕೊಳ್ಳುವವರು ಓದಬಲ್ಲ ಭಾಷೆಯಲ್ಲಿ, ದೊಡ್ಡ ಅಕ್ಷರಗಳಲ್ಲಿ ಇರಲಿ. ಮಕ್ಕಳು ತೆರೆಯಲಾಗದ ಮುಚ್ಚಳ ಎಲ್ಲ ಬಗೆಯ ಮೌತ್‌ವಾಶ್‌ಗೂ ಕಡ್ಡಾಯವಾಗಲಿ. ಅಲ್ಲಿಯವರೆಗೆ ಆ ಬಾಟಲಿಯನ್ನು ಬಚ್ಚಲುಮನೆಯ ಸಿಂಕಿನ ಮೇಲಿಂದ ತೆಗೆದು, ಔಷಧಗಳನ್ನು ಇಡುವ ಬೀಗದ ಕಪಾಟಿನಲ್ಲಿ ಇಡಬೇಕೆಂದು ಓದುಗರಲ್ಲಿ ಕೇಳಿಕೊಳ್ಳುತ್ತೇನೆ.

ಇತಿ,
ತಮ್ಮ ವಿಶ್ವಾಸಿ,
ಮಕ್ಕಳ ದಂತವೈದ್ಯೆ